ಗ್ರೈಂಡರ್, ಕಟರ್ ಕೈಗೆತ್ತಿಕೊಳ್ಳುವ ಮುಂಚೆ: ಯಾವುದು ಯಾಕೆ ಹುಟ್ಟಿತು, ಹೇಗೆ ಬಳಸಬೇಕು

ಮಂಡ್ಯದವರಿಗೆ ಖುಷಿಯಾಗುವ ವಿಷಯದಿಂದಲೇ ಶುರು ಮಾಡುತ್ತೇನೆ. ಕೈಯಲ್ಲಿ ಹಿಡಿದು ಕೊಯ್ಯುವ ಕರೆಂಟ್ ಗರಗಸದ ಮೂಲ ಕಬ್ಬಿನ ಗದ್ದೆ. 1920ರ ದಶಕದಲ್ಲಿ ಅಮೆರಿಕದ ಎಡ್ಮಂಡ್ ಮಿಶೆಲ್ ಎಂಬಾತ, ಆಳುಗಳು ಮಚ್ಚಿನಲ್ಲಿ ಕಬ್ಬು ಕಡಿದು ಸುಸ್ತಾಗುವುದನ್ನು ನೋಡಿ, ಮಚ್ಚಿಗೇ ಒಂದು ಪುಟ್ಟ ಮೋಟಾರು, ಒಂದು ದುಂಡನೆ ಬ್ಲೇಡು ಕಟ್ಟಿದ. ಇದು ಕಬ್ಬಿಗಿಂತ ಮರಕ್ಕೆ ಚೆನ್ನಾಗಿ ಒಗ್ಗುತ್ತದೆ ಅಂತ ಕಂಡುಕೊಂಡವನು ಅವನ ಪಾಲುದಾರ ಜೋಸೆಫ್ ಸಲಿವನ್. 1924ರಲ್ಲಿ ಇಬ್ಬರೂ ಕಂಪನಿ ತೆರೆದರು, ಸ್ಕಿಲ್‌ಸಾ ಅನ್ನುವ ಹೆಸರಿನ ಗರಗಸ ಬಂದದ್ದು ಅಲ್ಲಿಂದ. ಸಣ್ಣ ಕೆತ್ತನೆಗೆ ಬಳಸುವ ಡ್ರೆಮೆಲ್ 1930ರ ದಶಕದ್ದು. ಕಬ್ಬಿಣ ಉಜ್ಜುವ, ಕೊಯ್ಯುವ ಆಂಗಲ್ ಗ್ರೈಂಡರ್ ಬಂದದ್ದು ಇನ್ನೂ ತಡವಾಗಿ, 1954ರಲ್ಲಿ, ಜರ್ಮನಿಯ ಫ್ಲೆಕ್ಸ್ ಕಂಪನಿಯಿಂದ.

ಒಂದೊಂದೂ ಒಂದೊಂದು ಕೆಲಸಕ್ಕೆ ಅಂತಲೇ ಹುಟ್ಟಿದ್ದು. ಆ ಕೆಲಸಕ್ಕೇ ಬಳಸಿ.

ಮರಕ್ಕೆ ಸರ್ಕ್ಯುಲರ್ ಸಾ, ಅಂದರೆ ದುಂಡನೆ ಬ್ಲೇಡಿನ ಗರಗಸ. ಅದರ ಕೆಳಗಿನ ಗಾರ್ಡ್ (ಬ್ಲೇಡು ಮುಚ್ಚುವ ಕವಚ) ಸ್ಪ್ರಿಂಗಿನದು, ಮರದೊಳಗೆ ಹೋಗುವಾಗ ಹಿಂದೆ ಸರಿಯುತ್ತದೆ, ಹೊರಗೆ ಬಂದ ತಕ್ಷಣ ಹಲ್ಲನ್ನು ಮುಚ್ಚಿಬಿಡುತ್ತದೆ. ಮಾರ್ಬಲ್ ಕಟರ್‌ಗೆ ಈ ಗಾರ್ಡ್ ಇಲ್ಲ, ಯಾಕಂದರೆ ಕಲ್ಲು ಕೊಯ್ಯುವ ಡೈಮಂಡ್ ಬ್ಲೇಡಿಗೆ ಹಲ್ಲೇ ಇರುವುದಿಲ್ಲ ಅಥವಾ ಬರೀ ಸೀಳು ಇರುತ್ತದೆ. ನಮ್ಮ ಕಡೆ ಈ ಮಾರ್ಬಲ್ ಕಟರ್‌ಗೇ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿ ಪ್ಲೈವುಡ್ ಕೊಯ್ಯುವುದು ತುಂಬಾ ಜಾಸ್ತಿ. ದಯವಿಟ್ಟು ಬೇಡ. ಗ್ರೈಂಡರ್‌ಗೆ ಹಲ್ಲಿನ ಬ್ಲೇಡು ಹಾಕುವುದಂತೂ ಬೇಡವೇ ಬೇಡ.

ಕಬ್ಬಿಣಕ್ಕೆ ಗ್ರೈಂಡರ್. 4 ಇಂಚಿನ ಮಿಷನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಅಂದರೆ ವೀಲಿನ (ಕೊಯ್ಯುವ ದುಂಡನೆ ಬಿಲ್ಲೆಯ) ಅಂಚು ಗಂಟೆಗೆ 200 ಕಿ.ಮೀ. ಮೀರಿದ ವೇಗದಲ್ಲಿರುತ್ತದೆ. ವೀಲು ಒಡೆದರೆ ಚೂರು ಬರುವುದು ಅದೇ ವೇಗದಲ್ಲಿ. ಈ ಮಿಷನ್‌ಗೆ 5 ಇಂಚಿನ ವೀಲು ಗಾರ್ಡ್ ಬಿಚ್ಚಿದರೆ ಮಾತ್ರ ಕೂರುತ್ತದೆ, ಹಾಗಾಗಿ ಅದನ್ನು ತರಲೇಬೇಡಿ. ಅಂಗಡಿಯಲ್ಲಿ ವೀಲು ಕೊಳ್ಳುವಾಗ ನಡುವಿನ ತೂತಿನ ಸುತ್ತ ಇರುವ ತಗಡಿನ ಬಳೆ ನೋಡಿ, ಎಷ್ಟರವರೆಗೆ ಬಳಸಬಹುದು ಅಂತ ಅಲ್ಲಿ ತಿಂಗಳು, ವರ್ಷ ಹೊಡೆದಿರುತ್ತದೆ. ವೀಲನ್ನು ಹಿಡಿದಿಡುವ ಅಂಟು ಕಾಲ ಕಳೆದಂತೆ, ತೇವ ತಾಗಿದಂತೆ ಬಲ ಕಳೆದುಕೊಳ್ಳುತ್ತದೆ.

ಹೊಸ ವೀಲು ಹಾಕಿದ ಮೇಲೆ ಯಾರೂ ಎದುರಿಲ್ಲದ ಕಡೆ ಅರ್ಧ ನಿಮಿಷ ಖಾಲಿ ಓಡಿಸಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ವೀಲಿನ ನೇರಕ್ಕೆ ಮುಖ ಇಡದೆ ಪಕ್ಕಕ್ಕೆ ನಿಂತು ಕೊಯ್ಯಿರಿ. ಒತ್ತಬೇಡಿ, ಓರೆ ಮಾಡಬೇಡಿ. ಪೈಪನ್ನು ಹೇಗೆ ಇಡುತ್ತೀರಿ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಎರಡೂ ತುದಿಗೆ ಇಟ್ಟಿಗೆ ಕೊಟ್ಟು ನಡುವೆ ಕೊಯ್ದರೆ ಪೈಪು ಕುಸಿದು ವೀಲನ್ನು ಅಮುಕುತ್ತದೆ, ಮಿಷನ್ ಕೈ ಮೀರಿ ಎಗರುತ್ತದೆ. ಒಂದು ಕಡೆ ಗಟ್ಟಿಯಾಗಿ ಬಿಗಿದು, ಬೀಳುವ ತುದಿಯನ್ನು ಸುಮ್ನೆ ಗಾಳಿಯಲ್ಲಿ ಬಿಡಿ, ಸೀಳು ತಾನಾಗೇ ಅಗಲವಾಗುತ್ತಾ ಹೋಗುತ್ತದೆ. ಕನ್ನಡಕ ಬೇಕೇ ಬೇಕು. ಹೆಗಲ ಮೇಲೆ ಟವಲ್ಲು ಬೇಡ. ಹಳ್ಳಿಯಲ್ಲಾದರೆ ಹುಲ್ಲಿನ ಮೆದೆ, ಕಬ್ಬಿನ ತರಗು ಹತ್ತಿರ ಇದ್ದಲ್ಲಿ ಕಿಡಿ ಹಾರಿಸಬೇಡಿ.

ಮಾರ್ಬಲ್ ಕಟರ್‌ನಲ್ಲಿ ಗ್ರಾನೈಟ್ ಕೊಯ್ಯುವುದಾದರೆ ಒಂದೇ ಸಲ ಪೂರ್ತಿ ಆಳಕ್ಕೆ ಇಳಿಸಬೇಡಿ, ಸ್ವಲ್ಪ ಸ್ವಲ್ಪವೇ ಕೊಯ್ಯಿರಿ. ಒಣದಾಗಿ ಕೊಯ್ದರೆ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನೀರು ಬಿಟ್ಟುಕೊಂಡು ಕೊಯ್ಯುವುದಾದರೆ ಮಿಷನ್ ಅದಕ್ಕೆ ಅಂತಲೇ ಮಾಡಿದ್ದಾಗಿರಲಿ, ಲೈನಿಗೆ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನಾಗೇ ಆಫ್ ಆಗುವ ಸ್ವಿಚ್) ಇರಲಿ.

ಮೈಸೂರಿನಲ್ಲಿ ಆಯುಧಪೂಜೆಗೆ ಎಲ್ಲ ವರ್ಕ್‌ಶಾಪಿನಲ್ಲೂ ಮಿಷನ್ ಒರೆಸಿ ಕುಂಕುಮ ಇಡುತ್ತಾರಲ್ವಾ, ಅವತ್ತೇ ಪ್ಲಗ್ ಕಿತ್ತು, ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಎಷ್ಟು ಸವೆದಿದೆ, ವೈರು ಎಲ್ಲಾದರೂ ಸೀಳಿದೆಯಾ ನೋಡಿ. ತಾರೀಖು ಮೀರಿದ ವೀಲುಗಳನ್ನು ಎರಡು ತುಂಡು ಮಾಡಿ ಎಸೆಯಿರಿ, ಹಾಗೇ ಬಿಟ್ಟರೆ ಇನ್ಯಾರೋ ಎತ್ತಿಕೊಂಡು ಹಾಕಿಬಿಡುತ್ತಾರೆ.