ಐಬುಪ್ರೊಫೇನಿನ ಎರಡು ಪ್ರತಿಬಿಂಬ ರೂಪಗಳನ್ನು ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸುವ ಕ್ರಮ

ಐಬುಪ್ರೊಫೇನ್ ಸಾಮಾನ್ಯವಾಗಿ ಎಸ್ ಮತ್ತು ಆರ್ ಎಂಬ ಪ್ರತಿಬಿಂಬ ರೂಪಗಳ ಸಮಪ್ರಮಾಣದ ಮಿಶ್ರಣವಾಗಿ ಮಾರಾಟವಾಗುತ್ತದೆ. ನೋವು ತಗ್ಗಿಸುವ ಕೆಲಸವನ್ನು ಮುಖ್ಯವಾಗಿ ಎಸ್ ರೂಪವೇ ಮಾಡುತ್ತದೆ. ಆರ್ ರೂಪದ ಒಂದು ಭಾಗ ದೇಹದೊಳಗೆ ಎಸ್ ಆಗಿ ಬದಲಾಗುತ್ತದೆ. ಎಚ್‌ಪಿಎಲ್‌ಸಿ ಎಂದರೆ ದ್ರವವನ್ನು ಹೆಚ್ಚಿನ ಒತ್ತಡದಲ್ಲಿ ಕಾಲಂ ಎಂಬ ತುಂಬಿದ ಕೊಳವೆಯ ಮೂಲಕ ಹಾಯಿಸಿ ಘಟಕಗಳನ್ನು ಬೇರ್ಪಡಿಸುವ ವಿಧಾನ. ಸಾಮಾನ್ಯವಾಗಿ ಬಳಸುವ ಸಿ-18 ಎಂಬ ಬಗೆಯ ಕಾಲಂ ಇವೆರಡನ್ನೂ ಒಂದೇ ಪೀಕ್ (ದಾಖಲಾದ ರೇಖೆಯಲ್ಲಿನ ಉಬ್ಬು) ಆಗಿ ತೋರಿಸುವುದರಿಂದ, ಕಾಲಂ ಕೂಡ ಕೈರಲ್, ಅಂದರೆ ಪ್ರತಿಬಿಂಬ ರೂಪಗಳನ್ನು ಬೇರೆಬೇರೆಯಾಗಿ ಗುರುತಿಸುವಂಥದ್ದು, ಆಗಿರಬೇಕು. ಇಲ್ಲಿ ಹೇಳುವ ಕ್ರಮವು ಅಮೈಲೋಸ್ ಟ್ರಿಸ್(3,5-ಡೈಮೀಥೈಲ್‌ಫಿನೈಲ್‌ಕಾರ್ಬಮೇಟ್) ಲೇಪಿತ, 250 × 4.6 ಮಿಮೀ, 5 ಮೈಕ್ರಾನ್ ಕಾಲಂಗೆ ಸಂಬಂಧಿಸಿದ್ದು.

ಕಾಲಂ ಜೋಡಿಸುವ ಮೊದಲೇ ಉಪಕರಣವನ್ನು ಸಿದ್ಧಗೊಳಿಸಬೇಕು. ಹಿಂದಿನ ಕೆಲಸದಲ್ಲಿ ಬಫರ್ (ಲವಣಗಳಿರುವ ನೀರಿನ ದ್ರಾವಣ) ಬಳಸಿದ್ದರೆ ಮೊದಲು ನೀರಿನಿಂದಲೂ ನಂತರ ಐಸೊಪ್ರೊಪನಾಲ್‌ನಿಂದಲೂ ಪಂಪು, ಕೊಳವೆ, ಇಂಜೆಕ್ಟರ್‌ಗಳನ್ನು ತೊಳೆಯಬೇಕು, ಏಕೆಂದರೆ ನೀರು ಹೆಕ್ಸೇನಿನೊಡನೆ ಬೆರೆಯದು ಮತ್ತು ಲವಣಗಳು ಐಸೊಪ್ರೊಪನಾಲ್‌ನಲ್ಲಿ ಗಟ್ಟಿಯಾಗಿ ಕೂರುತ್ತವೆ. ಟೆಟ್ರಾಹೈಡ್ರೋಫ್ಯೂರಾನ್, ಅಸಿಟೋನ್, ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್‌ಗಳ ಅಂಶ ಕೊಳವೆಯಲ್ಲಿ ಉಳಿದಿದ್ದರೂ ಲೇಪನ ಕರಗಿ, ದುಬಾರಿ ಕಾಲಂ ಒಂದೇ ದಿನದಲ್ಲಿ ಹಾಳಾಗಬಹುದು. ಹೆಚ್ಚಿನ ಕಾಲಂಗಳು ಸಾಯುವುದು ವಿಶ್ಲೇಷಣೆಯಿಂದಲ್ಲ, ಹೀಗೆ ತೊಳೆಯದ ಕೊಳವೆಗಳಿಂದ ಎಂಬುದು ನನ್ನ ಅಭಿಪ್ರಾಯ.

ಎನ್-ಹೆಕ್ಸೇನ್, ಐಸೊಪ್ರೊಪನಾಲ್, ಟ್ರೈಫ್ಲೋರೋಅಸಿಟಿಕ್ ಆಮ್ಲಗಳನ್ನು 98:2:0.1 ಅನುಪಾತದಲ್ಲಿ ಬೆರೆಸಿದ ಮೊಬೈಲ್ ಫೇಸ್‌ನಿಂದ (ಕಾಲಂ ಮೂಲಕ ಹರಿಸುವ ದ್ರವ) ಆರಂಭಿಸಬಹುದು. ಐಬುಪ್ರೊಫೇನ್ ಸ್ವತಃ ಆಮ್ಲವಾದ್ದರಿಂದ, ಟ್ರೈಫ್ಲೋರೋಅಸಿಟಿಕ್ ಆಮ್ಲವಿಲ್ಲದಿದ್ದರೆ ಪೀಕ್‌ಗೆ ಉದ್ದನೆಯ ಬಾಲ ಬರುತ್ತದೆ. ಹರಿವನ್ನು ನಿಮಿಷಕ್ಕೆ 0.5 ಮಿಲಿಯಿಂದ ಆರಂಭಿಸಿ, ಒತ್ತಡ ಸ್ಥಿರವಾದ ಮೇಲೆ 1 ಮಿಲಿಗೆ ಏರಿಸಬೇಕು. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಪತ್ತೆಯ ತರಂಗಾಂತರ 220 ನ್ಯಾನೋಮೀಟರ್ ಇರಲಿ.

ಮಾತ್ರೆಯನ್ನು ಪುಡಿಮಾಡಿ, 50 ಮಿಗ್ರಾಂ ಔಷಧಕ್ಕೆ ಸಮನಾದ ಪುಡಿಯನ್ನು 10 ಮಿಲಿ ಐಸೊಪ್ರೊಪನಾಲ್‌ನಲ್ಲಿ ಸೋನಿಕೇಟ್ ಮಾಡಿ (ಶ್ರವಣಾತೀತ ಕಂಪನದಿಂದ ಕರಗಿಸಿ), 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಮೊಬೈಲ್ ಫೇಸ್‌ನಿಂದ ಹತ್ತು ಪಟ್ಟು ತೆಳುಗೊಳಿಸಿ, 10 ಮೈಕ್ರೋಲೀಟರ್ ಇಂಜೆಕ್ಟ್ ಮಾಡಬೇಕು.

ಯಾವ ಪೀಕ್ ಯಾವ ರೂಪದ್ದೆಂದು ಪ್ರಬಂಧಗಳನ್ನು ನೋಡಿ ನಿರ್ಧರಿಸಬಾರದು. ಕಾಲಂ ಅಥವಾ ಆಲ್ಕೋಹಾಲ್ ಬದಲಾದಾಗ ಹೊರಬರುವ ಕ್ರಮವೇ ತಿರುಗಬಹುದು. ಎಸ್ ರೂಪ ಮಾತ್ರ ಇರುವ ಡೆಕ್ಸಿಬುಪ್ರೊಫೇನ್ ಮಾನಕವನ್ನು (ಹೋಲಿಕೆಗೆ ಬಳಸುವ ಶುದ್ಧ ಮಾದರಿ) ಅದೇ ದಿನ, ಅದೇ ಸ್ಥಿತಿಯಲ್ಲಿ ಓಡಿಸಿ ಗುರುತಿಸಬೇಕು. ಎರಡೂ ರೂಪಗಳು ಸಾಮಾನ್ಯ ಅತಿನೇರಳೆ ಬೆಳಕನ್ನು ಸಮನಾಗಿ ಹೀರುವುದರಿಂದ, ರೇಸಿಮಿಕ್ (ಎರಡೂ ರೂಪಗಳು ಸಮಪ್ರಮಾಣದಲ್ಲಿರುವ) ಮಾನಕದಲ್ಲಿ ಎರಡು ಪೀಕ್‌ಗಳ ವಿಸ್ತೀರ್ಣ 50:50ರ ಆಸುಪಾಸಿನಲ್ಲೇ ಇರಬೇಕು. ಇಲ್ಲದಿದ್ದರೆ ಬೇಸ್‌ಲೈನ್ (ಪೀಕ್‌ಗಳ ತಳದ ರೇಖೆ) ಎಳೆದ ರೀತಿಯನ್ನೂ, ಪೀಕ್‌ನ ಕೆಳಗೆ ಕಲ್ಮಶ ಅಡಗಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ರೆಸಲ್ಯೂಷನ್ (ಎರಡು ಪೀಕ್‌ಗಳು ಎಷ್ಟು ಬೇರ್ಪಟ್ಟಿವೆ ಎಂಬುದರ ಅಳತೆ) 1.5ಕ್ಕಿಂತ ಕಡಿಮೆ ಬಂದರೆ ಐಸೊಪ್ರೊಪನಾಲ್ ಅನ್ನು ಶೇಕಡ 1ಕ್ಕೆ ಇಳಿಸಿ ನೋಡಬೇಕು. ಸಮಯ ಹೆಚ್ಚು ಹಿಡಿದರೂ ಪೀಕ್‌ಗಳು ದೂರ ಸರಿಯುವ ಸಾಧ್ಯತೆಯಿದೆ. ಅದೂ ಸಾಲದಿದ್ದರೆ ಐಸೊಪ್ರೊಪನಾಲ್ ಬದಲಿಗೆ ಎಥನಾಲ್ ಬಳಸಬಹುದು, ಆದರೆ ಆಗ ಪೀಕ್‌ಗಳ ಗುರುತನ್ನು ಮತ್ತೆ ಮೊದಲಿನಿಂದ ಖಚಿತಪಡಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಆಮ್ಲವಿಲ್ಲದ 90:10 ಹೆಕ್ಸೇನ್-ಐಸೊಪ್ರೊಪನಾಲ್ ಹರಿಸಿ, ಅದರಲ್ಲೇ ಕಾಲಂ ಮುಚ್ಚಿಡಬೇಕು.