ಬಿಯರ್‌ಗೆ ಅಂಕ ಕೊಡುವ ಮೊದಲು ಬಾಟಲಿಯ ಜಾತಕ ನೋಡಿ

ಇಂದಿರಾನಗರದ ಟಾಯ್ಟ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಮೈಕ್ರೊಬ್ರೂವರಿಗಳು (ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಪಬ್‌ಗಳು) ಬಂದ ಮೇಲೆ ಬೆಂಗಳೂರಿನವರ ಬಾಯಲ್ಲಿ ಹೆಫೆವೈಜನ್ (ಜರ್ಮನಿಯ ಗೋಧಿ ಬಿಯರ್), ಐಪಿಎ (ಘಮ, ಕಹಿ ಜಾಸ್ತಿಯಿರುವ ಬಿಯರ್), ಸ್ಟೌಟ್ (ಕಪ್ಪು ಬಿಯರ್) ಎಂಬ ಹೆಸರುಗಳು ಸಲೀಸಾಗಿ ಓಡಾಡುತ್ತಿವೆ. ದೊಡ್ಡ ಲಿಕ್ಕರ್ ಅಂಗಡಿಗಳ ಫ್ರಿಜ್‌ನಲ್ಲಿ ಬೆಲ್ಜಿಯಂ, ಜರ್ಮನಿಯ ಬಾಟಲಿಗಳೂ ಸಿಗುತ್ತವೆ. ಆದರೆ ಅವುಗಳ ಬಗ್ಗೆ ಬರೆಯುವಾಗ ಮಾತ್ರ ‘ಸ್ಮೂತ್ ಆಗಿದೆ’, ‘ಕಿಕ್ ಕಮ್ಮಿ’ ಅನ್ನುವಲ್ಲಿಗೆ ಮಾತು ಮುಗಿದುಹೋಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಡಗು, ಗೋದಾಮು, ಅಂಗಡಿಯ ಶೋಕೇಸು ಎಲ್ಲ ಸುತ್ತಿ ಬಂದು ಹಾಳಾದ ಬಾಟಲಿಗೂ ಬೈಗುಳ ಬೀಳುವುದು ತಯಾರಿಸಿದವರಿಗೇ. ಗ್ಲಾಸಿನಲ್ಲಿರುವುದರಲ್ಲಿ ಬ್ರೂವರ್ ಮಾಡಿದ್ದು ಎಷ್ಟು, ದಾರಿಯಲ್ಲಿ ಆದದ್ದು ಎಷ್ಟು ಎಂದು ಬಿಡಿಸಿ ಹೇಳಲು ಬಂದರೆ ಅರ್ಧ ವಿಮರ್ಶೆ ಬರೆದಂತೆಯೇ.

ಅಂಗಡಿಯಲ್ಲಿ

ಮೊದಲು ತಾರೀಖು ನೋಡಿ. ಆಮದಾದ ಬಾಟಲಿಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುವ ಸ್ಟಿಕರ್ ಅಂಟಿಸಿರುತ್ತಾರೆ. ಎಷ್ಟೋ ಸಲ ಅದು ಮೂಲ ಲೇಬಲ್‌ನ ತಾರೀಖಿನ ಮೇಲೇ ಕೂತಿರುತ್ತದೆ. ಆಗ ಬಾಟಲಿಯ ಕತ್ತು, ಕ್ಯಾನಿನ ತಳ ತಿರುಗಿಸಿ ನೋಡಬೇಕು. ಅಮೆರಿಕದ ಬಿಯರ್‌ನಲ್ಲಿ ತಿಂಗಳು ಮೊದಲು, ದಿನ ಆಮೇಲೆ: 04/09 ಎಂದರೆ ಏಪ್ರಿಲ್ 9. ಅದು ಬಾಟಲಿಗೆ ತುಂಬಿದ ದಿನವೋ, ಕೊನೆಯ ದಿನವೋ ಎಂಬುದನ್ನೂ ಓದಿಕೊಳ್ಳಿ.

‘ಬೆಸ್ಟ್ ಬಿಫೋರ್’ ಒಳಗಿದೆ ಎಂದ ಮಾತ್ರಕ್ಕೆ ಬಿಯರ್ ಚೆನ್ನಾಗಿದೆ ಎಂದಲ್ಲ. ಐಪಿಎಯ ಜೀವ ಇರುವುದು ಹಾಪ್ಸ್ ಎಂಬ ಹೂವಿನ ಘಮದಲ್ಲಿ, ಅದು ಮೂರು ತಿಂಗಳು ಕಳೆದ ಮೇಲೆ ಇಳಿಯುತ್ತಲೇ ಹೋಗುತ್ತದೆ. ಒಂಬತ್ತು ತಿಂಗಳ ಐಪಿಎ ಕುಡಿದು ‘ಬರೀ ಕಹಿ, ಏನೂ ಪರಿಮಳ ಇಲ್ಲ’ ಎಂದು ಬರೆದರೆ ಅದು ಕ್ಯಾಲೆಂಡರಿನ ವಿಮರ್ಶೆ. ಆಲ್ಕೊಹಾಲ್ ಶೇ 8ಕ್ಕಿಂತ ಹೆಚ್ಚಿರುವ ಬೆಲ್ಜಿಯನ್ ಬಿಯರ್, ಇಂಪೀರಿಯಲ್ ಸ್ಟೌಟ್, ಬಾರ್ಲಿ ವೈನ್ (ಹೆಸರು ವೈನ್ ಆದರೂ ಇದು ಗಟ್ಟಿ ಬಿಯರ್) ಮಾತ್ರ ವರ್ಷ ಕಳೆದರೂ ತಡೆದುಕೊಳ್ಳುತ್ತವೆ, ಕೆಲವು ಇನ್ನೂ ಮಾಗುತ್ತವೆ.

ಬಾಟಲಿಯ ಬಣ್ಣವೂ ಮುಖ್ಯ. ಕಂದು ಗಾಜು ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಗಾಜು, ಬಣ್ಣವಿಲ್ಲದ ಗಾಜು ತಡೆಯುವುದಿಲ್ಲ. ಹಸಿರು ಬಾಟಲಿ ಕೊಳ್ಳುವುದಾದರೆ ಟ್ಯೂಬ್‌ಲೈಟಿಗೆ ಮುಖ ಮಾಡಿ ನಿಂತ ಮೊದಲ ಸಾಲಿನದ್ದು ಬೇಡ, ಹಿಂದಿನ ಸಾಲಿಗೆ ಕೈ ಹಾಕಿ. ಕ್ಯಾನ್ ಸಿಕ್ಕರೆ ಅದೇ ಮೇಲು.

ವಿದೇಶಿ ಹೆಸರೆಲ್ಲ ಆಮದು ಅಲ್ಲ ಎಂಬುದೂ ನೆನಪಿರಲಿ. ಹೈನೆಕೆನ್, ಕಾರ್ಲ್ಸ್‌ಬರ್ಗ್, ಬಡ್‌ವೈಸರ್ ಭಾರತದಲ್ಲೇ ತಯಾರಾಗುತ್ತವೆ. ಅದರಿಂದ ನಷ್ಟವೇನೂ ಇಲ್ಲ, ತಾಜಾತನದಲ್ಲಿ ಲಾಭವೇ. ಆದರೆ ಎಲ್ಲಿ ತಯಾರಾಯಿತು ಎಂಬ ಸಾಲನ್ನು ಓದದೆ ‘ಯುರೋಪಿನ ನೀರಿನ ರುಚಿ’ ಎಂದು ಬರೆದರೆ ನಗೆಪಾಟಲು.

ಗ್ಲಾಸು ಮತ್ತು ತಂಪು

ಬಾಯಿ ಸ್ವಲ್ಪ ಕಿರಿದಾದ, 200ರಿಂದ 300 ಮಿ.ಲೀ. ಹಿಡಿಯುವ ಗ್ಲಾಸು ಸಾಕು. ಸಾಧಾರಣ ವೈನ್ ಗ್ಲಾಸು ಚೆನ್ನಾಗಿಯೇ ನಡೆಯುತ್ತದೆ. ಹೆಚ್ಚು ಗಮನ ಬೇಕಾದದ್ದು ತೊಳೆಯುವುದರಲ್ಲಿ. ಎಣ್ಣೆ ಪಾತ್ರೆ ಉಜ್ಜಿದ ಸ್ಕ್ರಬ್ಬರ್ ತಾಗಿದರೆ ನೊರೆ ಸತ್ತೇಹೋಗುತ್ತದೆ. ಪಾತ್ರೆ ಸೋಪಿನ ನಿಂಬೆ ವಾಸನೆ ಉಳಿದಿದ್ದರೆ ಅದನ್ನೇ ಹಾಪ್ಸ್‌ನ ಸಿಟ್ರಸ್ ಎಂದುಕೊಳ್ಳುವ ಅಪಾಯವಿದೆ. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ತೊಳೆದು, ಚೆನ್ನಾಗಿ ಜಾಲಾಡಿ, ಬಟ್ಟೆಯಲ್ಲಿ ಒರೆಸದೆ ಮಗುಚಿಟ್ಟು ಒಣಗಿಸಿ. ಪರೀಕ್ಷೆ ಸುಲಭ: ಒದ್ದೆ ಗ್ಲಾಸಿನ ಒಳಗೆ ಪುಡಿ ಉಪ್ಪು ಉದುರಿಸಿದರೆ ಎಲ್ಲ ಕಡೆ ಸಮನಾಗಿ ಅಂಟಬೇಕು, ಅಂಟದ ಜಾಗದಲ್ಲಿ ಜಿಡ್ಡಿದೆ ಎಂದರ್ಥ. ಬಿಯರ್ ಸುರಿದ ಮೇಲೆ ಗುಳ್ಳೆಗಳು ಗೋಡೆಗೆ ಕಚ್ಚಿಕೊಂಡು ನಿಂತರೂ ಅದೇ ದೂರು.

ಫ್ರೀಜರ್‌ನಲ್ಲಿಟ್ಟು ಮಂಜು ಕಟ್ಟಿಸಿದ ಮಗ್ ಬೇಡವೇ ಬೇಡ. ಮಂಜು ಕರಗಿ ಬಿಯರ್ ತೆಳ್ಳಗಾಗುತ್ತದೆ, ಅತಿ ತಂಪಿಗೆ ಘಮ ಏಳುವುದಿಲ್ಲ. ನಮ್ಮಲ್ಲಿ ‘ಚಿಲ್ಡ್ ಇದೆಯಾ?’ ಎಂದು ಕೇಳುವುದೇ ರೂಢಿ. ಸ್ಟ್ರಾಂಗ್ ಲಾಗರ್‌ನ (ಅಂಗಡಿಯಲ್ಲಿ ಸಿಗುವ ಮಾಮೂಲಿ ತಿಳಿ ಬಿಯರ್) ಕುಂದು ಮುಚ್ಚಲು ಅದು ಒಳ್ಳೆಯ ಉಪಾಯ, ರುಚಿ ನೋಡಲು ಅಲ್ಲ. ಪಿಲ್ಸ್‌ನರ್ (ಒಂದು ಬಗೆಯ ತಿಳಿ ಲಾಗರ್) 4ರಿಂದ 7 ಡಿಗ್ರಿ ಸೆಲ್ಸಿಯಸ್, ವೀಟ್ ಬಿಯರ್ 6ರಿಂದ 8, ಐಪಿಎ 7ರಿಂದ 10, ಸ್ಟೌಟ್ ಮತ್ತು ಬೆಲ್ಜಿಯನ್ ಸ್ಟ್ರಾಂಗ್ ಏಲ್ 10ರಿಂದ 13 ಇದ್ದರೆ ಸರಿ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಬಳಸಿ. ಇಲ್ಲದಿದ್ದರೆ ಪಿಲ್ಸ್‌ನರನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿಯಿರಿ, ಐಪಿಎಗೆ ಹತ್ತು ನಿಮಿಷ, ಸ್ಟೌಟ್‌ಗೆ ಇಪ್ಪತ್ತೈದು ನಿಮಿಷ ಹೊರಗಿರಲು ಬಿಡಿ. ಮಾರ್ಚ್–ಏಪ್ರಿಲ್‌ನಲ್ಲಿ ಇದಕ್ಕಿಂತ ಬೇಗ ಆಗುತ್ತದೆ.

ಸುರಿದು, ನೋಡಿ, ಮೂಸಿ

ಒಂದು ಕೂರಿಕೆಗೆ ನಾಲ್ಕು ಬಿಯರ್, ತಲಾ 100 ಮಿ.ಲೀ. ಸಾಕು. ತೆಳುವಿನಿಂದ ದಪ್ಪಕ್ಕೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಹೋಗಬೇಕು. ಹುಳಿ ಬಿಯರ್, ಹೊಗೆಯ ಘಮದ ಬಿಯರ್ ಕೊನೆಗೆ. ಐಪಿಎ ಆದ ಮೇಲೆ ಪಿಲ್ಸ್‌ನರ್ ಕುಡಿದರೆ ಅದು ಸೋಡಾನೀರು. ನಡುವೆ ನೀರು, ಜೊತೆಗೆ ಉಪ್ಪು–ಖಾರ ಹಾಕದ ಬರೀ ಪುರಿ. ಕಾಂಗ್ರೆಸ್ ಕಡಲೆಕಾಯಿ, ಕಬಾಬ್ ಎಲ್ಲ ಕೊನೆಯ ಗ್ಲಾಸಿನ ನಂತರ. ರುಚಿ ನೋಡಲು ಕೂರುವುದಕ್ಕೂ ಒಂದು ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ಎಲೆ–ಅಡಿಕೆ ಬೇಡ. ಕೋಣೆಯಲ್ಲಿ ಊದುಬತ್ತಿ, ಮಲ್ಲಿಗೆ, ಇಂಗಿನ ಒಗ್ಗರಣೆಯೂ ಇರಬಾರದು.

ಗ್ಲಾಸನ್ನು 45 ಡಿಗ್ರಿ ಓರೆ ಮಾಡಿ ಸುರಿಯಲು ಶುರುಮಾಡಿ, ಅರ್ಧ ತುಂಬಿದ ಮೇಲೆ ನೆಟ್ಟಗೆ ಮಾಡಿ. ಎರಡು ಬೆರಳು ನೊರೆ ನಿಲ್ಲಲಿ. ನೊರೆಯೇ ಬೇಡ ಎಂದು ಜಾಗ್ರತೆಯಿಂದ ಸುರಿದರೆ ಗ್ಯಾಸ್ ಎಲ್ಲ ಒಳಗೇ ಉಳಿದು ಹೊಟ್ಟೆ ಉಬ್ಬರಿಸುತ್ತದೆ, ಘಮವೂ ಮೇಲೆ ಬರುವುದಿಲ್ಲ. ಜರ್ಮನ್ ಹೆಫೆವೈಜನ್‌ನ ತಳದಲ್ಲಿ ಯೀಸ್ಟ್ ಕೂತಿರುತ್ತದೆ: ಮುಕ್ಕಾಲು ಸುರಿದು, ಉಳಿದದ್ದನ್ನು ಬಾಟಲಿಯಲ್ಲೇ ತಿರುವಿ ಮೇಲೆ ಸುರಿಯಬೇಕು. ಬೆಲ್ಜಿಯಂನ ಗಟ್ಟಿ ಬಿಯರ್ ಆದ ಟ್ರಿಪೆಲ್‌ನಲ್ಲಿ ಇದಕ್ಕೆ ತದ್ವಿರುದ್ಧ, ಕೊನೆಯ ಒಂದು ಸೆಂಟಿಮೀಟರ್ ಬಾಟಲಿಯಲ್ಲೇ ಬಿಡುವುದು ವಾಡಿಕೆ.

ಬಣ್ಣ ನೋಡಲು ಗ್ಲಾಸಿನ ಹಿಂದೆ ಬಿಳಿ ಕಾಗದ ಹಿಡಿಯಿರಿ. ಪಬ್‌ನ ಹಳದಿ ದೀಪದಡಿ ಎಲ್ಲ ಬಿಯರೂ ಚಿನ್ನವೇ. ಈ ಭಾಗಕ್ಕೆ ಅರ್ಧ ನಿಮಿಷ ಸಾಕು.

ಮೂಸುವುದಕ್ಕೆ ತಡಮಾಡಬೇಡಿ, ಮೊದಲು ಹಾರಿಹೋಗುವುದು ಅತಿ ನವಿರಾದ ಘಮ. ಗ್ಲಾಸಿನ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ, ಎರಡು ಸುತ್ತು ತಿರುವಿ, ಕೈ ತೆಗೆದು ಚಿಕ್ಕಚಿಕ್ಕದಾಗಿ ಎರಡು–ಮೂರು ಸಲ ಮೂಸಿ. ಮೂಗು ಮಂಕಾದರೆ ನಿಮ್ಮದೇ ಅಂಗಿಯ ತೋಳು ಮೂಸಿ, ಮತ್ತೆ ಬನ್ನಿ. ಹೊಳೆದದ್ದನ್ನು ಕೂಡಲೇ ಬರೆಯಿರಿ, ಪಕ್ಕದವರಿಗೆ ಹೇಳಬೇಡಿ. ಒಬ್ಬರು ‘ಮಾವಿನಹಣ್ಣು’ ಎಂದರೆ ಮೇಜಿನ ಸುತ್ತ ಕೂತವರಿಗೆಲ್ಲ ಮಾವಿನಹಣ್ಣೇ ಕಾಣುತ್ತದೆ.

ಇಲ್ಲಿ ಇಂಗ್ಲಿಷ್ ವಿಮರ್ಶೆಗಳಿಂದ ಪದ ಕಡ ತರಬೇಡಿ. ನೀವು ಎಂದೂ ತಿನ್ನದ ಬ್ಲ್ಯಾಕ್‌ಕರಂಟ್ ನಿಮ್ಮ ಮೂಗಿಗೆ ಸಿಗಲು ಸಾಧ್ಯವಿಲ್ಲ. ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗ ಎರಡೂ ಇರುತ್ತವೆ, ಎರಡನ್ನೂ ಕೊಡುವುದು ಯೀಸ್ಟು. ಬಾಳೆ ಎಂದು ಬರೆದು ನಿಲ್ಲಿಸದೆ ಯಾವ ಬಾಳೆ ಎಂದೂ ಹೇಳಬಹುದು: ಏಲಕ್ಕಿ ಬಾಳೆಯೋ, ಕಪ್ಪಾಗಿ ಮಾಗಿದ ಪಚ್ಚಬಾಳೆಯೋ? ಬೆಲ್ಜಿಯಂನ ಗೋಧಿ ಬಿಯರ್ ಆದ ವಿಟ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಸಾರಿನ ಪುಡಿ ಹುರಿಯುವ ಮನೆಯಲ್ಲಿ ಬೆಳೆದವರಿಗೆ ಅದು ತಟ್ಟನೆ ಗೊತ್ತಾಗುತ್ತದೆ. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಘಮಕ್ಕೆ ಹುರಿಗಡಲೆ, ಅಯ್ಯಂಗಾರ್ ಬೇಕರಿಯ ರಸ್ಕ್, ಜೋನಿ ಬೆಲ್ಲ. ಸ್ಟೌಟ್‌ಗೆ ಚಿಕೋರಿ ಕಾಫಿ, ಸೀದ ರೊಟ್ಟಿ.

ಗುಟುಕು

ಒಂದು ದೊಡ್ಡ ಚಮಚದಷ್ಟು ಬಾಯಿಗೆ ಹಾಕಿ, ನಾಲಿಗೆಯ ಎಲ್ಲ ಕಡೆ ಹರಡಿಸಿ ನುಂಗಿ. ವೈನ್ ರುಚಿ ನೋಡುವವರು ಉಗುಳುತ್ತಾರೆ, ಬಿಯರ್‌ನಲ್ಲಿ ನುಂಗಿದರೇ ಪೂರ್ತಿ ತಿಳಿಯುವುದು: ನುಂಗಿದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗ ಎರಡನೇ ಸಲ ಘಮ ಬರುತ್ತದೆ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಗೆ ಕಹಿ ಏರುತ್ತದೆ. ಕಹಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವ ಕಾರಣ ಗುಟುಕುಗಳ ನಡುವೆ ಒಂದು ನಿಮಿಷ ಬಿಡಿ.

ಕಹಿ ಮತ್ತು ಒಗರನ್ನು ಒಂದೇ ಎಂದು ಬರೆಯಬೇಡಿ. ಹಾಪ್ಸ್ ಕೊಡುವುದು ಕಹಿ. ನೆಲ್ಲಿಕಾಯಿ ಕಚ್ಚಿದಾಗ ಆಗುವಂತೆ ನಾಲಿಗೆ ಒಣಗಿ ಹಿಡಿದುಕೊಂಡರೆ ಅದು ಒಗರು. ಧಾನ್ಯದ ಸಿಪ್ಪೆಯಿಂದ ಟ್ಯಾನಿನ್ ಇಳಿದಿದೆ ಎಂಬ ಸೂಚನೆ. ಲೇಬಲ್‌ನ ಐಬಿಯು (ಕಹಿಯ ಅಳತೆ) ಅಂಕಿಯನ್ನು ನಂಬಿಯೂ ಕೂರಬೇಡಿ. 40 ಐಬಿಯು ಇರುವ ಪಿಲ್ಸ್‌ನರ್ ನಾಲಿಗೆಗೆ ಚುರುಕ್ಕೆನ್ನುತ್ತದೆ, ಅಷ್ಟೇ ಅಂಕಿಯ ಸಿಹಿ ಸ್ಟೌಟ್‌ನಲ್ಲಿ ಕಹಿ ಮರೆಯಾಗಿರುತ್ತದೆ.

ಕೆಟ್ಟಿದ್ದರೆ ಯಾರ ತಪ್ಪು?

ನೆನೆದ ರಟ್ಟಿನ, ಹಳೇ ಕಾಗದದ ವಾಸನೆ ಬಂದರೆ ಆಮ್ಲಜನಕದ ಕೆಲಸ. ಬಾಟಲಿಗೆ ತುಂಬುವಾಗ ಒಳಗೆ ಉಳಿದ ಗಾಳಿ ಕಾರಣವಿರಬಹುದು. ಆದರೆ ಬಿಸಿ ಕಂಟೇನರು, ಬಿಸಿ ಗೋದಾಮು ಅದನ್ನು ಎಷ್ಟೋ ಪಟ್ಟು ಬೇಗ ಮುಂದಕ್ಕೆ ತಳ್ಳುತ್ತವೆ. ಆಮದು ಲಾಗರ್‌ಗಳಲ್ಲಿ ಹೆಚ್ಚು ಸಿಗುವ ದೋಷ ಇದೇ.

ಸುಟ್ಟ ರಬ್ಬರ್, ಗಂಧಕ ಬೆರೆತಂಥ ಗಬ್ಬು ಬಂದರೆ ಬೆಳಕು ತಾಗಿದೆ. ಇಂಗ್ಲಿಷಿನವರು ಸ್ಕಂಕ್ ಎಂಬ ಪ್ರಾಣಿಯ ಹೆಸರು ಹೇಳುತ್ತಾರೆ. ಅದು ನಮ್ಮ ಕಡೆ ಇಲ್ಲ. ಹಾಪ್ಸ್‌ನ ಕಹಿಯಂಶ ಬೆಳಕಿಗೆ ಒಡೆದು ಈ ವಾಸನೆ ಹುಟ್ಟುತ್ತದೆ. ಕಲಿಯುವುದು ಸುಲಭ: ತಾಜಾ ಲಾಗರನ್ನು ಎರಡು ಗ್ಲಾಸಿಗೆ ಸುರಿದು, ಒಂದನ್ನು ಮಧ್ಯಾಹ್ನದ ಬಿಸಿಲಿನಲ್ಲಿ, ಇನ್ನೊಂದನ್ನು ಕಪಾಟಿನ ಕತ್ತಲಲ್ಲಿ ಹದಿನೈದು ನಿಮಿಷ ಇಟ್ಟು ಮೂಸಿ. ಬಣ್ಣವಿಲ್ಲದ ಬಾಟಲಿಯ ಕೆಲವು ಬ್ರ್ಯಾಂಡ್‌ಗಳು ಮಾರ್ಪಡಿಸಿದ ಹಾಪ್ ಸಾರ ಬಳಸುವುದರಿಂದ ಅವು ಹೀಗೆ ಕೆಡುವುದಿಲ್ಲ. ಪ್ರಯೋಗಕ್ಕೆ ಅವನ್ನು ತರಬೇಡಿ.

ಮೇಲಿನ ಎರಡೂ ಬಹುಮಟ್ಟಿಗೆ ದಾರಿಯ ತಪ್ಪು. ಇನ್ನು ಮೈಕ್ರೊಬ್ರೂವರಿಯಲ್ಲಿ ಸಿಗುವಂಥವು. ಬೆಣ್ಣೆ ಬಿಸ್ಕತ್ತಿನ, ಪಾಪ್‌ಕಾರ್ನ್‌ನ ವಾಸನೆಗೆ ಡಯಾಸಿಟೈಲ್ ಕಾರಣ. ಹುದುಗುವಾಗ ಹುಟ್ಟುವ ಇದನ್ನು ಕೊನೆಗೆ ಯೀಸ್ಟೇ ನುಂಗಿಹಾಕಬೇಕು. ಟ್ಯಾಂಕನ್ನು ಅವಸರದಲ್ಲಿ ತಂಪು ಮಾಡಿದರೆ ಉಳಿದುಬಿಡುತ್ತದೆ. ಆದರೆ ಬೆಣ್ಣೆಯ ಜೊತೆ ಹುಳಿಯೂ ಇದ್ದರೆ ಟ್ಯಾಪ್‌ನ ಪೈಪು ಕೊಳೆಯಾಗಿದೆಯೇ ಎಂದು ಅನುಮಾನಪಡಿ. ಎರಡು ವಾರಕ್ಕೊಮ್ಮೆ ಪೈಪು ತೊಳೆಯುವುದು ಕ್ರಮ. ಯಾವಾಗ ತೊಳೆದದ್ದು ಎಂದು ವಿಚಾರಿಸಿದರೆ ತಪ್ಪಿಲ್ಲ. ಒಳ್ಳೆಯ ಜಾಗದಲ್ಲಿ ‘ಅಣ್ಣಾ, ಈ ಬ್ಯಾಚ್ ಯಾವಾಗ ಟ್ಯಾಪ್‌ಗೆ ಬಂತು?’ ಎಂದರೆ ಬೇಸರವಿಲ್ಲದೆ ಉತ್ತರ ಕೊಡುತ್ತಾರೆ.

ಹಸಿ ಸೇಬು, ಹಸಿ ಕುಂಬಳಕಾಯಿಯ ವಾಸನೆ ಎಂದರೆ ಬಿಯರ್ ಇನ್ನೂ ಎಳೆಯದು. ವಾರಾಂತ್ಯದ ನೂಕುನುಗ್ಗಲಿಗೆ ಟ್ಯಾಂಕ್ ಬೇಗ ತೆರೆದಿರಬಹುದು. ಬೇಯಿಸಿದ ಮುಸುಕಿನ ಜೋಳ, ಎಲೆಕೋಸಿನ ವಾಸನೆ ಬಂದರೆ ತಯಾರಿಸುವಾಗ ಮಾಲ್ಟ್‌ನ ರಸ ಕುದಿಸಿದ್ದು ಸಾಲದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಈ ವಾಸನೆಯ ಮೂಲವಸ್ತು ಒಡೆದು ಆವಿಯಾಗಿ ಹೋಗಲು ಇಲ್ಲಿ ಹೆಚ್ಚು ಹೊತ್ತು ಬೇಕು. ಡೆಟಾಲ್‌ನಂಥ ಆಸ್ಪತ್ರೆ ವಾಸನೆಗೆ ನೀರಿನ ಕ್ಲೋರಿನ್ ತೆಗೆಯದಿರುವುದು ಕಾರಣ.

ಇದೆಲ್ಲ ಶೈಲಿ ನೋಡಿ ಹೇಳಬೇಕಾದ ಮಾತು. ಬೆಲ್ಜಿಯಂನ ಲ್ಯಾಂಬಿಕ್ ಬಿಯರ್‌ಗೆ ಹುಳಿಯೇ ಭೂಷಣ, ಪಿಲ್ಸ್‌ನರ್‌ಗೆ ಅದು ಸೋಂಕು. ಹೆಫೆವೈಜನ್‌ನ ಲವಂಗ ಐಪಿಎಯಲ್ಲಿ ಕಂಡರೆ ಕಾಡು ಯೀಸ್ಟ್ ಹೊಕ್ಕಿದೆ ಎಂದು ಲೆಕ್ಕ.

ಬರೆಯುವುದು, ಅಂಕ ಕೊಡುವುದು

ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸುವ ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಪಟ್ಟಿಯಲ್ಲಿ ಒಟ್ಟು 50 ಅಂಕ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಬಗೆಗೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಬರೀ ಮೂರು ಎಂಬುದನ್ನು ಗಮನಿಸಿ. ಫೋಟೊ ಚೆನ್ನಾಗಿ ಬಂತೆಂದು ಅಂಕ ಏರಿಸುವಂತಿಲ್ಲ. 38 ಮುಟ್ಟಿದರೆ ಅತ್ಯುತ್ತಮ, 21ಕ್ಕಿಂತ ಕೆಳಗೆ ಇಳಿದರೆ ದೊಡ್ಡ ದೋಷವಿದೆ. ಮೊದಲು ಟಿಪ್ಪಣಿ ಬರೆದು ಆಮೇಲೆ ಅಂಕ ಹಾಕಿ, ತಲೆಕೆಳಗು ಮಾಡಿದರೆ ಅಂಕಕ್ಕೆ ತಕ್ಕ ಮಾತು ಹುಡುಕುವ ಕೆಲಸವಾಗುತ್ತದೆ.

ಟಿಪ್ಪಣಿ ಹೀಗಿದ್ದರೆ ಓದುವವರಿಗೆ ಉಪಯೋಗ: ‘ಹೆಫೆವೈಜನ್, ಟ್ಯಾಪ್‌ನಿಂದ, ಬ್ಯಾಚ್ ತೆರೆದು ನಾಲ್ಕು ದಿನ, 7 ಡಿಗ್ರಿ. ಮಬ್ಬಾದ ಒಣಹುಲ್ಲಿನ ಬಣ್ಣ, ನೊರೆ ಐದು ನಿಮಿಷ ನಿಂತಿತು. ಮಾಗಿದ ಏಲಕ್ಕಿ ಬಾಳೆ ಮುಂದೆ, ಲವಂಗ ಹಿಂದೆ. ಗೋಧಿ ಬ್ರೆಡ್ಡಿನ ಸಿಹಿ, ಕಹಿ ಅತ್ಯಲ್ಪ. ಗ್ಲಾಸು ಬಿಸಿಯಾದಂತೆ ತುಸು ಬೆಣ್ಣೆ ಕಾಣಿಸಿತು. 34.’ ಬೆಣ್ಣೆಯ ಆ ಸಾಲು ಬಂದದ್ದು ಕೊನೆಯ 30 ಮಿ.ಲೀ. ಉಳಿಸಿಕೊಂಡು ಕಾದದ್ದರಿಂದ. ದೋಷಗಳು ತಂಪಿನಲ್ಲಿ ಅಡಗುತ್ತವೆ, ಹಾಗಾಗಿ ಪ್ರತಿ ಗ್ಲಾಸಿನಲ್ಲೂ ಅಷ್ಟು ಉಳಿಸಿ.

ಲೆಕ್ಕ ತಪ್ಪದಿರಲಿ: ಶೇ 6ರ ಬಿಯರ್ 100 ಮಿ.ಲೀ.ನಂತೆ ನಾಲ್ಕು ಗ್ಲಾಸು ಎಂದರೆ 24 ಮಿ.ಲೀ. ಶುದ್ಧ ಆಲ್ಕೊಹಾಲ್, ಹೆಚ್ಚುಕಡಿಮೆ ಎರಡು ಸ್ಮಾಲ್ ಪೆಗ್ ವಿಸ್ಕಿ. ಗಾಡಿ ಓಡಿಸಲು ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೊಹಾಲ್. ಗಾಡಿ ಮನೆಯಲ್ಲೇ ಇರಲಿ, ಮೆಟ್ರೊ ಇದೆ. 21 ತುಂಬದವರನ್ನು ಮೇಜಿಗೆ ಕರೆಯಬೇಡಿ.

ದೋಷ ಕಂಡ ಬಾಟಲಿಗೆ ಅಂಕವನ್ನೇ ಹಾಕಬೇಡಿ. ಬ್ಯಾಚ್ ಸಂಖ್ಯೆ, ತಾರೀಖು, ಅಂಗಡಿಯಲ್ಲಿ ಅದು ಬಿಸಿಲಿಗಿತ್ತೋ ಫ್ರಿಜ್‌ನಲ್ಲಿತ್ತೋ ಎಂಬುದನ್ನು ಬರೆದಿಟ್ಟು, ಬೇರೆ ಅಂಗಡಿಯಿಂದ ಬೇರೆ ಬ್ಯಾಚ್‌ನದ್ದು ತನ್ನಿ. ಎರಡರಲ್ಲೂ ಅದೇ ವಾಸನೆ ಬಂದರೆ ಆಗ ಬ್ರೂವರ್ ಹೆಸರು ಹಿಡಿದು ಬರೆಯಬಹುದು.