ಹಗ್ಗ ಹಿಡಿಯುವ ಕೈಗಳ ಲೆಕ್ಕ

ಅರಸೀಕೆರೆ ಪೇಟೆಯಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಈ ವರ್ಷ ಸಂಕ್ರಾಂತಿ ಮುಗಿದ ಎರಡನೆಯ ಭಾನುವಾರ ನಮ್ಮ ಹಳ್ಳಿಯ ದೊಡ್ಡಬಂಡೆಯಲ್ಲಿ ಬಂಡೆ ಹತ್ತುವ ಹಬ್ಬ ಮಾಡಿದೆವು. 112 ಜನ ಹತ್ತಿ ಇಳಿದರು. ಮಂಡಿ ತರಚಿದ್ದು, ಅಂಗೈ ಉರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ತಿಪಟೂರಿನವರು, ಕಡೂರಿನವರು, ಸಕಲೇಶಪುರದವರು ಅಂಗಡಿಗೆ ಬಂದು ಕೂರುತ್ತಾರೆ. ತಮ್ಮೂರಲ್ಲೂ ಮಾಡಬೇಕೆಂಬ ಆಸೆ ಅವರಿಗೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ದುಡ್ಡು ಯಾರು ಕೊಟ್ಟರು? ನಾನು ಹೇಳುವುದು ಬೇರೆ. ಮೊದಲು ಹಗ್ಗ ಹಿಡಿಯುವವರು ಎಷ್ಟು ಜನ ಎಂದು ಎಣಿಸಿ. ಎಷ್ಟು ಜನರನ್ನು ಕರೆಯಬೇಕು, ಎಷ್ಟು ಅಕ್ಕಿ ಬೇಯಿಸಬೇಕು, ಯಾರ ಬಳಿ ಏನು ಕೇಳಬೇಕು ಎಂಬುದೆಲ್ಲ ಆ ಎಣಿಕೆಯ ನಂತರದ ಮಾತು.

ಇದನ್ನು ನಾನು ಕಲಿತದ್ದು ಲಡಾಖಿನಲ್ಲಿ. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಮೂಲ ತರಬೇತಿ ಮುಗಿಸಿದ್ದೆ. ಅಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಒಂದು ಚಳಿಗಾಲ ಲೇಹ್‌ಗೆ ಕರೆದ. ಗಾಂಗ್ಲೆಸ್ ಕಡೆ ಮಂಜುಗಡ್ಡೆ ಹತ್ತುವ ಹಬ್ಬವಿದೆ, ಕೆಲಸಕ್ಕೆ ಕೈ ಬೇಕು ಎಂದ. ಲೇಹ್ ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನವರು ಮಂಜಿನ ಗೋಡೆಯನ್ನು ನಾವು ತೋಟಕ್ಕೆ ನೀರು ಕಟ್ಟಿದ ಹಾಗೆ ಬೆಳೆಸುತ್ತಾರೆ. ಬಿಸಿಲು ಬೀಳದ ಕಡಿದಾದ ಬಂಡೆಯನ್ನು ಆರಿಸಿ, ಪೈಪಿನಿಂದ ಅದರ ಮೇಲೆ ನೀರು ಹರಿಯಬಿಡುತ್ತಾರೆ. ರಾತ್ರಿಯ ಚಳಿಗೆ ಅದು ಪದರ ಪದರವಾಗಿ ಹೆಪ್ಪುಗಟ್ಟುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಗೋಡೆಗಿಂತ ಹೆಚ್ಚಾಗಿ ಒಂದು ಬೆಳಗಿನ ದೃಶ್ಯ. ಹತ್ತಲು ಬಂದವರು ಸಾಲಾಗಿ ನಿಂತಿದ್ದರು. ಹಿರಿಯ ಮಾರ್ಗದರ್ಶಕರೊಬ್ಬರು ಚಹಾ ಲೋಟ ಹಿಡಿದು ಬಂದವರೇ ಸಾಲಿನ ಕಡೆ ನೋಡದೆ ಬಿಲೇ ಮಾಡುವವರನ್ನು, ಅಂದರೆ ಮೇಲಿನ ಆಸರೆಯಿಂದ ಹಾದು ಬಂದ ಹಗ್ಗದ ಇನ್ನೊಂದು ತುದಿಯನ್ನು ಕೆಳಗೆ ನಿಂತು ಹಿಡಿಯುವವರನ್ನು, ಎಣಿಸಿದರು. ಅಂದು ಇಬ್ಬರಿಗೆ ಜ್ವರ. ಮಾರ್ಗದರ್ಶಕರು ಒಂದು ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟು, ಆ ಹಗ್ಗದಲ್ಲಿ ಹತ್ತಬೇಕಿದ್ದವರ ಟೋಕನ್ನುಗಳನ್ನು ವಾಪಸು ಪಡೆದರು. ದೂರದಿಂದ ಬಂದವರು ಗೊಣಗಿದರು, ಬೇಡಿಕೊಂಡರು. ಅವರು ಜಗ್ಗಲಿಲ್ಲ. ನಾಲ್ಕು ದಿನ ನಾನೂ ಅಲ್ಲಿ ಹಗ್ಗ ಹಿಡಿದೆ. ಹತ್ತುವವರ ನೇರ ಕೆಳಗೆ ನಿಲ್ಲಬಾರದು, ಓರೆಯಾಗಿ ನಿಲ್ಲಬೇಕು. ಕೊಡಲಿಯ ಪೆಟ್ಟಿಗೆ ಒಡೆದ ಮಂಜಿನ ಚೂರು ಕಲ್ಲಿನಂತೆ ಬೀಳುತ್ತದೆ.

ಹಾಸನ ಜಿಲ್ಲೆಯಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಆದರೆ ನಮ್ಮ ಬಯಲುಸೀಮೆಯ ಕಡೆ ಬಂಡೆಗೆ ಬರವಿಲ್ಲ. ವಿಂಧ್ಯಗಿರಿಯಂತಹ ಬೆಟ್ಟ ಸಂರಕ್ಷಿತ ಸ್ಮಾರಕ, ಅದರ ಮಾತೇ ಬೇಡ. ಊರಿನ ಪಕ್ಕದ ಗೋಮಾಳದಲ್ಲಿ ಯಾರೂ ಕಣ್ಣೆತ್ತಿ ನೋಡದ ಬಂಡೆಗಳು ಎಷ್ಟೋ ಇವೆ. ನಮ್ಮ ದೊಡ್ಡಬಂಡೆ ಸುಮಾರು 60 ಅಡಿ ಎತ್ತರ. ನೆತ್ತಿಯ ಮೇಲೆ ಆಂಜನೇಯನ ಪುಟ್ಟ ಗುಡಿ. ಹಬ್ಬಕ್ಕೆ ನಾವು ಆರಿಸಿದ್ದು ಅದರ ಬಡಗಣ ಮುಖ. ಜನವರಿಯಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುವುದರಿಂದ ಆ ಮುಖಕ್ಕೆ ದಿನವಿಡೀ ನೆರಳು. ಲೇಹ್‌ನಲ್ಲಿ ಮಂಜು ಕರಗದಿರಲೆಂದು ನೆರಳು ಹುಡುಕುತ್ತಾರೆ, ಇಲ್ಲಿ ಬೆರಳು ಸುಡದಿರಲೆಂದು. ತಣ್ಣಗಿರುವ ಕಲ್ಲಿಗೆ ಬೂಟಿನ ರಬ್ಬರು ಚೆನ್ನಾಗಿ ಕಚ್ಚುತ್ತದೆ ಕೂಡ.

ಒಪ್ಪಿಗೆಗಳ ಕಥೆ ಉದ್ದವಿದೆ, ಚುಟುಕಾಗಿ ಹೇಳುತ್ತೇನೆ. ಜಾಗ ಕಂದಾಯ ಇಲಾಖೆಯದೋ ಅರಣ್ಯದ್ದೋ ಎಂದು ಮೊದಲು ಪಹಣಿ ನೋಡಿಕೊಳ್ಳಿ. ಅರಣ್ಯದ್ದಾದರೆ ಅವರ ಅನುಮತಿ ಇಲ್ಲದೆ ಹೆಜ್ಜೆ ಇಡಬೇಡಿ. ನಮ್ಮದು ಗೋಮಾಳ. ತಾಲ್ಲೂಕು ಕಚೇರಿ, ಪಂಚಾಯಿತಿ, ಪೊಲೀಸ್ ಠಾಣೆ ಮೂರೂ ಕಡೆ ಲಿಖಿತ ಅರ್ಜಿ ಕೊಟ್ಟೆವು. ಇವೆಲ್ಲಕ್ಕಿಂತ ಮೊದಲು ಗುಡಿಯ ಪೂಜೆ ಮಾಡುವ ಮನೆಯವರ ಬಳಿ ಹೋಗಿ ಕೇಳಿದೆ. ಚಪ್ಪಲಿ, ಬೂಟು ಹಾಕಿಕೊಂಡು ಗುಡಿಯ ಅಂಗಳಕ್ಕೆ ಬರಬಾರದು, ಶನಿವಾರ ಬೇಡ ಎಂದರು. ಭಾನುವಾರ ನಿಗದಿಯಾದದ್ದು ಹಾಗೆ.

ಬಂಡೆಯ ಪರೀಕ್ಷೆಗೆ ನಾನು ಕರೆದದ್ದು ಕಲ್ಲು ಸೀಳುವ ಕೆಲಸದಲ್ಲೇ ತಲೆ ನರೆತ ಒಬ್ಬ ಅಜ್ಜನನ್ನು. ನಮ್ಮ ಭಾಗದ ಈ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಆದರೂ ಬಿಸಿಲಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗಿ ಅದರ ಹೊರಮೈ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುತ್ತದೆ. ಕಣ್ಣಿಗೆ ಗಟ್ಟಿಯಾಗಿ ಕಾಣುವ ಹಿಡಿ ಒಳಗೆ ಪೊಳ್ಳಾಗಿರಬಹುದು. ಅಜ್ಜನಿಗೆ ಸೊಂಟಪಟ್ಟಿ ಕಟ್ಟಿ ಮೇಲಿನಿಂದ ನಿಧಾನವಾಗಿ ಇಳಿಸಿದೆವು. ಕೈಯಲ್ಲಿ ಸಣ್ಣ ಸುತ್ತಿಗೆ. ಒಂದೊಂದೇ ಹಿಡಿಗೆ ಎರಡು ಪೆಟ್ಟು, ಕಿವಿ ಕಲ್ಲಿಗೆ. ಟಣ್ ಎಂದರೆ ಮುಂದಕ್ಕೆ. ಡಬ್ ಎಂದರೆ ಸುಣ್ಣದಲ್ಲಿ ಒಂದು ಗೀಟು. ಎರಡು ಗಂಟೆಯ ನಂತರ ಕೆಳಗಿಳಿದಾಗ ಬಂಡೆಯ ಮೇಲೆ ಹನ್ನೊಂದು ಬಿಳಿ ಗೀಟುಗಳಿದ್ದವು. ಅವುಗಳಲ್ಲಿ ಮೂರು, ನಾನು "ಒಳ್ಳೆಯ ಹಿಡಿ" ಎಂದು ಹುಡುಗರಿಗೆ ಆಗಲೇ ತೋರಿಸಿಕೊಟ್ಟಿದ್ದವು. ಅಂದಿನಿಂದ ಅಜ್ಜ ನಮ್ಮ ತಂಡದವರು. ಸುಣ್ಣದ ಗೀಟು ಬಿದ್ದ ಜಾಗದ ಕೆಳಗೆ ಒಂದು ಹಗ್ಗವನ್ನೂ ಇಳಿಬಿಡಲಿಲ್ಲ.

ಇನ್ನು ಕೈಗಳ ಲೆಕ್ಕ. ಹೊಸಬರೊಬ್ಬರನ್ನು ಹಗ್ಗಕ್ಕೆ ಕಟ್ಟಿ, ಗಂಟು ನೋಡಿ, ಹತ್ತಿಸಿ, ಇಳಿಸಿ, ಬಿಚ್ಚಲು ಸರಾಸರಿ ಹನ್ನೆರಡು ನಿಮಿಷ ಬೇಕು. ಅಂದರೆ ಒಂದು ಹಗ್ಗದಲ್ಲಿ ಗಂಟೆಗೆ ಐದು ಜನ. ನಾಲ್ಕು ಹಗ್ಗ, ಆರು ಗಂಟೆ: 120 ಜನ. ಪ್ರತಿ ಹಗ್ಗಕ್ಕೆ ಬಿಲೇ ಮಾಡಲು ಒಬ್ಬರು, ಅವರ ಹಿಂದೆ ಅದೇ ಹಗ್ಗವನ್ನು ಕಾಯ್ದು ಹಿಡಿಯಲು ಇನ್ನೊಬ್ಬರು. ಒಂದು ಗಂಟೆಯ ಮೇಲೆ ಯಾರ ಗಮನವೂ ನೆಟ್ಟಗಿರುವುದಿಲ್ಲ, ಆದ್ದರಿಂದ ಗಂಟೆಗೊಮ್ಮೆ ಪಾಳಿ ಬದಲು. ಹೀಗೆ ಹಗ್ಗಕ್ಕೆ ನಾಲ್ವರಂತೆ ಹದಿನಾರು, ಜೊತೆಗೆ ಇಬ್ಬರು ಹೆಚ್ಚುವರಿ. ಹದಿನೆಂಟು ಜನ ಇಲ್ಲದಿದ್ದರೆ 120 ಎಂಬ ಅಂಕಿಯೇ ಇಲ್ಲ.

ದೀಪಾವಳಿ ಕಳೆದ ಭಾನುವಾರ ಅಭ್ಯಾಸ ಶುರು ಮಾಡಿದಾಗ 31 ಜನ ಬಂದರು. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು, ಇಬ್ಬರು ಲೈನ್‌ಮನ್‌ಗಳು, ತೆಂಗಿನ ಮರ ಹತ್ತುವವರು, ನನ್ನ ಅಂಗಡಿಯಲ್ಲೇ ಕೊಳವೆಬಾವಿಯ ಮೋಟಾರು ಎತ್ತುವ ಹುಡುಗರು. ನನ್ನ ನಂಬಿಕೆಯೆಲ್ಲ ಈ ಕೊನೆಯವರ ಮೇಲೆ, ಏಕೆಂದರೆ ಅವರಿಗೆ ಹಗ್ಗದ ಭಾಷೆ ಗೊತ್ತು. ರಾಗಿ ಕೊಯ್ಲಿನ ಕಾಲವಾದ್ದರಿಂದ ಅಭ್ಯಾಸವನ್ನು ಸಂಜೆ ನಾಲ್ಕಕ್ಕೆ ಇಟ್ಟೆವು. ಎಂಟು ಭಾನುವಾರಗಳ ಕೊನೆಗೆ ಪರೀಕ್ಷೆ. 60 ಕಿಲೋ ಮರಳು ತುಂಬಿದ ಚೀಲವನ್ನು ಹಗ್ಗಕ್ಕೆ ಕಟ್ಟಿ ಮೇಲೆತ್ತಿ, ಹಗ್ಗ ಹಿಡಿದವರಿಗೆ ಹೇಳದೆ ಮೇಲಿನಿಂದ ಬಿಡುವುದು. ಹಿಡಿಯಬೇಕು, ಅಷ್ಟೇ.

ಒಬ್ಬ ವಿದ್ಯಾರ್ಥಿನಿಯ ಪರೀಕ್ಷೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವಳ ತೂಕ 43 ಕಿಲೋ. ಚೀಲ ಬಿದ್ದ ರಭಸಕ್ಕೆ ಅವಳೇ ನೆಲದಿಂದ ಒಂದು ಮೊಳ ಮೇಲೆದ್ದಳು, ಭುಜ ಬಂಡೆಗೆ ತಾಗಿತು. ಚೀಲ ನೆಲದಿಂದ ಆಳೆತ್ತರದಲ್ಲಿ ನಿಂತಿತು. ನಾನು ಓಡಿಹೋಗಿ ನೋಡಿದೆ: ಬಲಗೈಯ ಬೆರಳುಗಳು ಹಗ್ಗದ ಸುತ್ತ ಬಿಗಿದು ಬಿಳಿಚಿಕೊಂಡಿದ್ದವು. "ಬಿಡು ತಾಯಿ, ಆಯಿತು" ಎಂದರೆ, "ಅಣ್ಣಾ, ಚೀಲ ಇಳಿಸಿ ಎಂದು ನೀವು ಇನ್ನೂ ಹೇಳಿಲ್ಲ" ಎಂದಳು. ಅವಳಂತಹ ಹಗುರ ಮೈಯವರಿಗಾಗಿ ನೆಲದ ಗುಂಡುಕಲ್ಲಿಗೆ ಕಟ್ಟಿದ ಪಟ್ಟಿಯನ್ನು ಸೊಂಟಕ್ಕೆ ಸೇರಿಸುವ ಏರ್ಪಾಡು ಮಾಡಿದ್ದು ಆ ಸಂಜೆಯೇ. ಗ್ರಿಗ್ರಿಯಂತಹ, ತಾನೇ ಹಗ್ಗ ಕಚ್ಚಿ ನಿಲ್ಲಿಸುವ ಸಾಧನ ಇದ್ದರೂ ಹಗ್ಗ ಹಿಡಿದ ಕೈ ಬಿಡುವಂತಿಲ್ಲ. 31ರಲ್ಲಿ 18 ಜನ ತೇರ್ಗಡೆಯಾದರು. ಉಳಿದವರಿಗೆ ಬೇಸರವಾಗದಂತೆ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಟ್ಟೆವು: ಹೆಲ್ಮೆಟ್ ಕೊಟ್ಟು ವಾಪಸು ಪಡೆಯುವವರು ಅದನ್ನಷ್ಟೇ, ಟೋಕನ್ ಬರೆಯುವವರು ಅದನ್ನಷ್ಟೇ. ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳುತ್ತೇವೆ ಎನ್ನುವ ಕಡೆ ಯಾವುದನ್ನೂ ಯಾರೂ ನೋಡಿಕೊಳ್ಳುವುದಿಲ್ಲ.

ಈಗ ಪ್ರಾಯೋಜಕರ ವಿಷಯ. ಪರಿಚಯದ ವ್ಯಾಪಾರಿಯೊಬ್ಬರು ಒಂದು ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಎರಡು ಷರತ್ತು: 500 ಜನ ಸೇರಬೇಕು, ಬಂಡೆಯ ಮೇಲೆ ಅವರ ಅಂಗಡಿಯ ಹೆಸರನ್ನು ಬಣ್ಣದಲ್ಲಿ ಬರೆಸಬೇಕು. ಬಂಡೆಗೆ ಬಣ್ಣ ಬಳಿಯುವುದಕ್ಕೆ ನಾನು ಆ ಕ್ಷಣವೇ ಇಲ್ಲವೆಂದೆ. 500ಕ್ಕೆ ಲೆಕ್ಕ ಬರೆದು ತೋರಿಸಿದೆ: 70ಕ್ಕೂ ಹೆಚ್ಚು ಜನ ಹಗ್ಗ ಹಿಡಿಯುವವರು ಬೇಕು, ನನ್ನಲ್ಲಿರುವವರು 18. ಅವರು ಮುನಿಸಿಕೊಂಡರು, ಇಂದಿಗೂ ಮಾತಿಲ್ಲ. ಅದು ನನಗೆ ನಿಜವಾಗಿಯೂ ನೋವಿನ ವಿಷಯ. ಆದರೆ ಮತ್ತೆ ಕೇಳಿದರೂ ಇದೇ ಉತ್ತರ ಕೊಡುತ್ತೇನೆ.

ಅನಂತರ ನಾವು ಯಾರ ಬಳಿಯೂ ದುಡ್ಡು ಕೇಳಲಿಲ್ಲ, ಅವರ ಅಂಗಡಿಯಲ್ಲಿ ಇರುವುದನ್ನೇ ಕೇಳಿದೆವು. ಅಮೆರಿಕದ ಕೊಲರಾಡೊ ರಾಜ್ಯದ ಯೂರೇ ಎಂಬ ಊರಿನಲ್ಲಿ 1996ರಲ್ಲಿ ಜೆಫ್ ಲೋ ಎಂಬ ಪರ್ವತಾರೋಹಿ ಮಂಜುಗಡ್ಡೆ ಹತ್ತುವ ಹಬ್ಬ ಶುರು ಮಾಡಿದರು. ಅಲ್ಲಿ ಸಲಕರಣೆ ಕಂಪನಿಗಳು ಬೂಟು, ಮಂಜುಗೊಡಲಿಗಳನ್ನು ತಂದು ಬಂದವರ ಕೈಗೆ ಕೊಟ್ಟು ಬಳಸಿ ನೋಡಲು ಬಿಡುತ್ತವೆ. ಕೊಡುವವರ ವಸ್ತುವೇ ಹಬ್ಬದ ಭಾಗವಾಗುತ್ತದೆ. ನಮ್ಮಲ್ಲೂ ಹಾಗೆಯೇ ಆಯಿತು. ಅಯ್ಯಂಗಾರ್ ಬೇಕರಿಯವರು 200 ಬನ್ನು, ಕೊಬ್ಬರಿ ಮಂಡಿಯವರು ಎಳನೀರು, ಶಾಮಿಯಾನದವರು ಬಾಡಿಗೆಯಿಲ್ಲದೆ ಚಪ್ಪರ, ಒಂದು ನರ್ಸಿಂಗ್ ಹೋಮಿನವರು ದಿನವಿಡೀ ಆಂಬುಲೆನ್ಸ್ ಮತ್ತು ಒಬ್ಬ ದಾದಿ. ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ಟುಗಳನ್ನು ಬೆಂಗಳೂರಿನ ಪರ್ವತಾರೋಹಿ ಗೆಳೆಯರು ಎರವಲು ಕೊಟ್ಟರು. ಒಂದೊಂದು ಹಗ್ಗವೂ ಯಾವಾಗ ಕೊಂಡದ್ದು, ಎಷ್ಟು ಸಲ ಬಿದ್ದವರನ್ನು ತಡೆದದ್ದು ಎಂದು ಅವರ ಪುಸ್ತಕದಲ್ಲಿ ಬರೆದಿತ್ತು. ಅದಿಲ್ಲದ ಹಗ್ಗವನ್ನು ನಾನು ಮುಟ್ಟುವುದಿಲ್ಲ. ಕೈಯಿಂದ ಖರ್ಚಾದ ನಗದು ಮುಖ್ಯವಾಗಿ ಅಪಘಾತ ವಿಮೆಗೆ ಮತ್ತು ಸಾಗಾಟಕ್ಕೆ. ನೋಂದಣಿಗೆ ತಲಾ 100 ರೂಪಾಯಿ, ಊರಿನ ಮಕ್ಕಳಿಗೆ ಉಚಿತ.

ಹಾರ್ಡ್‌ವೇರ್ ಅಂಗಡಿಯ ಯಜಮಾನರು ಪ್ರೀತಿಯಿಂದ ಹೊಸ ಹಗ್ಗದ ಎರಡು ಸುರುಳಿ ತಂದುಕೊಟ್ಟರು. ಅದು ಮೋಟಾರು ಇಳಿಬಿಡುವ ಪ್ಲಾಸ್ಟಿಕ್ ಹಗ್ಗ. ಹತ್ತುವ ಹಗ್ಗ ಬೀಳುವವರ ಭಾರಕ್ಕೆ ಹಿಗ್ಗಿ ಏಟನ್ನು ತಾನು ನುಂಗುತ್ತದೆ. ಮೋಟಾರಿನ ಹಗ್ಗ ಹಾಗಲ್ಲ, ಆ ಏಟು ಬೆನ್ನೆಲುಬಿಗೆ ಬೀಳುತ್ತದೆ. ಅವರಿಗೆ ಇದನ್ನು ವಿವರಿಸಿ, ಅದರಲ್ಲೇ ಜನ ದಾಟಬಾರದ ಗೆರೆಗೆ ಬೇಲಿ ಕಟ್ಟಿದೆವು. ಆ ಬೇಲಿ ಇಲ್ಲದಿದ್ದರೆ ನಮ್ಮ ಹುಡುಗರನ್ನು ತಡೆಯುವುದು ಕಷ್ಟವಿತ್ತು. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಎಂದರೆ ಅವರಿಗೆ ಪ್ರಾಣ. "ಅವರಿಗೆ ಹಗ್ಗ ಬೇಡ, ನಮಗೇಕೆ?" ಎಂದು ಪ್ರತಿ ಭಾನುವಾರ ಯಾರಾದರೂ ಕೇಳುತ್ತಿದ್ದರು. ಅವರ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿದೆ ಎಂದು ನಾನೂ ಪ್ರತಿ ಭಾನುವಾರ ಹೇಳುತ್ತಿದ್ದೆ.

ಹಬ್ಬಕ್ಕೆ ಆರು ದಿನ ಇರುವಾಗ ಹೆಜ್ಜೇನು ಬಂತು. ಬಡಗಣ ಮುಖದ ಬಲಗಡೆ, ಮುಂಚಾಚಿದ ಕಲ್ಲಿನ ಅಡಿಯಲ್ಲಿ ಮೊರದಗಲ ಕಪ್ಪು ಹೊದಿಕೆ. ಹತ್ತಿರದ ಎರಡು ಹಗ್ಗಗಳ ಜಾಗ ಅದರಿಂದ ಮೂವತ್ತು ಅಡಿಯೂ ಇರಲಿಲ್ಲ. ಹೊಗೆ ಹಾಕಿ ಓಡಿಸೋಣ ಎಂದರು ಕೆಲವರು. ರಾತ್ರಿ ಕಿತ್ತುಕೊಡುತ್ತೇವೆ ಎಂದರು ಇನ್ನು ಕೆಲವರು. ನಾನು ಒಪ್ಪಲಿಲ್ಲ. ಕೆರಳಿದ ಹೆಜ್ಜೇನು ಗೂಡಿನ ಸುತ್ತ ಎಷ್ಟು ದೂರ ಅಟ್ಟಿಸಿಕೊಂಡು ಬರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹಗ್ಗಕ್ಕೆ ಕಟ್ಟಿಕೊಂಡು ಅರ್ಧ ಬಂಡೆಯಲ್ಲಿ ನೇತಾಡುವವರು ಓಡುವುದಾದರೂ ಎಲ್ಲಿಗೆ? ಅದೂ ಅಲ್ಲದೆ ಬಂಡೆ ಅವುಗಳದ್ದೂ ಹೌದು.

ನಾಲ್ಕೂ ಹಗ್ಗಗಳನ್ನು ಬಂಡೆಯ ಹಿಂಬದಿಯ ಮೂಡಣ ಮುಖಕ್ಕೆ ಸಾಗಿಸಿದೆವು. ಅಜ್ಜ ಮತ್ತೆ ಸುತ್ತಿಗೆ ಹಿಡಿದು ಇಳಿದರು. ನೆತ್ತಿಯಲ್ಲಿ ಹೊಸದಾಗಿ ಆಂಕರ್, ಅಂದರೆ ಹಗ್ಗ ನೇತುಹಾಕುವ ಆಸರೆ, ಕಟ್ಟಬೇಕಾಯಿತು. ಪ್ರತಿ ಹಗ್ಗಕ್ಕೂ ಬೇರೆ ಬೇರೆ ಎರಡು ಗುಂಡುಕಲ್ಲುಗಳು, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುವಂತೆ. ಎರಡು ಎಳೆಗಳ ನಡುವಿನ ಕೋನ 60 ಡಿಗ್ರಿ ಮೀರದಂತೆ ನೋಡಿಕೊಂಡೆವು. 120 ಡಿಗ್ರಿಯಾದರೆ ಒಂದೊಂದು ಎಳೆಯ ಮೇಲೂ ಪೂರ್ತಿ ಭಾರ ಬೀಳುತ್ತದೆ, ಎರಡು ಕಟ್ಟಿದ ಲಾಭವೇ ಇಲ್ಲ. ಹಗ್ಗ ಅಂಚಿಗೆ ಉಜ್ಜುವ ಕಡೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆವು. ಮೂಡಣ ಮುಖಕ್ಕೆ ಬೆಳಗಿನ ಬಿಸಿಲು ಹೊಡೆಯುವುದರಿಂದ ಹೊತ್ತನ್ನೂ ಬದಲಿಸಿದೆವು: ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಮತ್ತೆ ಮಧ್ಯಾಹ್ನ ಮೂರರಿಂದ ಆರು. ನಡುವೆ ಊಟ, ಗಂಟು ಹಾಕುವ ಪಾಠ, ಅಜ್ಜನಿಂದ ಕಲ್ಲಿನ ಎಳೆ ಗುರುತಿಸುವ ಪಾಠ. ಹಬ್ಬದ ದಿನ ಬಂದವರು ಹೆಚ್ಚು ಮಾತನಾಡಿದ್ದು ಈ ಕೊನೆಯ ಪಾಠದ ಬಗ್ಗೆ.

ಅಂದು ಮಧ್ಯಾಹ್ನ ಒಬ್ಬ ಲೈನ್‌ಮನ್‌ಗೆ ಕರೆಂಟ್ ಕಂಬದ ತುರ್ತು ಕರೆ ಬಂತು, ಇನ್ನೊಬ್ಬರ ಮನೆಯಲ್ಲಿ ಸಾವು. ಹೆಚ್ಚುವರಿ ಇಬ್ಬರೂ ಪಾಳಿಗೆ ಇಳಿದರು. ನಾಲ್ಕೂವರೆಯ ಹೊತ್ತಿಗೆ ಒಬ್ಬ ಹುಡುಗನ ಕಾಲು ಉಳುಕಿ ಹದಿನೈದೇ ಜನ ಉಳಿದರು. ನಾಲ್ಕನೆಯ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿದೆ. ಎಂಟು ಟೋಕನ್ನುಗಳನ್ನು ವಾಪಸು ತೆಗೆದುಕೊಂಡೆ. ಹಾಸನದಿಂದ ಮಗಳನ್ನು ಕರೆತಂದಿದ್ದ ತಂದೆಯೊಬ್ಬರು ಬಹಳ ಹೊತ್ತು ವಾದಿಸಿದರು. ಆ ಮಗುವಿನ ಮುಖ ನೋಡಲು ನನ್ನಿಂದ ಆಗಲಿಲ್ಲ. ಮುಂದಿನ ವರ್ಷದ ಮೊದಲ ಟೋಕನ್ ಅವಳದೇ ಎಂದು ಪುಸ್ತಕದಲ್ಲಿ ಅವಳ ಕೈಯಿಂದಲೇ ಬರೆಸಿಕೊಂಡೆ.

ಆರು ಗಂಟೆಗೆ ಕೊನೆಯವರಾಗಿ ಹತ್ತಿದ್ದು ಅಜ್ಜ. ಇಷ್ಟು ದಿನ ಹಗ್ಗದಲ್ಲಿ ಇಳಿದಿದ್ದರೇ ಹೊರತು ಹತ್ತಿರಲಿಲ್ಲ. ಬರಿಗಾಲಿನಲ್ಲೇ ಹತ್ತುತ್ತೇನೆಂದರು. ಹಗ್ಗ ಹಿಡಿದದ್ದು ಅದೇ 43 ಕಿಲೋ ಹುಡುಗಿ. ಅಜ್ಜ ತಾವೇ ಪರೀಕ್ಷಿಸಿದ ಹಿಡಿಗಳನ್ನೂ ಮತ್ತೊಮ್ಮೆ ಬೆರಳ ಗೆಣ್ಣಿನಿಂದ ಕುಟ್ಟಿ, ಕೇಳಿ, ಆಮೇಲೆ ಹಿಡಿಯುತ್ತಿದ್ದರು. ಹನ್ನೆರಡು ನಿಮಿಷದ ಬದಲು ಅರ್ಧ ಗಂಟೆ ಹಿಡಿಯಿತು. ಅವಳು ಒಮ್ಮೆಯೂ ಕಣ್ಣು ತೆಗೆಯಲಿಲ್ಲ.

ಮುಂದಿನ ಹಬ್ಬಕ್ಕೆ ಈಗಾಗಲೇ 14 ಹೊಸಬರು ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಎಷ್ಟು ಜನ ಮರಳಿನ ಚೀಲವನ್ನು ಹಿಡಿಯುತ್ತಾರೋ ನೋಡಿಕೊಂಡು ಐದನೆಯ ಹಗ್ಗದ ಮಾತು. ಅಭ್ಯಾಸ ದೀಪಾವಳಿ ಕಳೆದ ಭಾನುವಾರ, ಸಂಜೆ ನಾಲ್ಕಕ್ಕೆ ಶುರು. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಉಗುರು ಕತ್ತರಿಸಿಕೊಂಡಿರಲಿ, ಸೆಂಟು ಹಚ್ಚಿಕೊಂಡು ಬರಬೇಡಿ. ಹೆಜ್ಜೇನು ಇನ್ನೂ ಅಲ್ಲೇ ಇದೆ.